ಇಲಿಯ ಹೊಟ್ಟೆಯ ತೂತು, ಮಾವನವರ ಕೈಯ ಸದ್ದು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ನಮ್ಮ ಮಾವನಿಗೆ 66 ವರ್ಷ. ಮೊದಲು ಘಾಟ್ಕೋಪರಿನಲ್ಲಿ ಹೋಟೆಲ್ ನಡೆಸುತ್ತಿದ್ದರು. ಕಿಡ್ನಿ ಕೆಟ್ಟು ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಅದಕ್ಕಾಗಿ ಎಡ ಮೊಣಕೈಯಲ್ಲಿ ಆರ್ಟರಿಯನ್ನು ನೇರವಾಗಿ ವೇನ್‌ಗೆ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಮೊನ್ನೆ ಎಕೋ ಮಾಡಿಸಿದಾಗ ಹೃದಯ ಸ್ವಲ್ಪ ದೊಡ್ಡದಾಗಿದೆ ಎಂದರು. ಇಲಿಗಳಿಗೆ ಹಾರ್ಟ್ ಫೇಲ್ ಮಾಡಿಸಬೇಕಾದರೆ ವಿಜ್ಞಾನಿಗಳು ಇದೇ ಥರದ ಫಿಸ್ಟುಲಾ ಮಾಡುತ್ತಾರೆ ಎಂದು ನನ್ನ ಮಗ ಓದಿಕೊಂಡು ಬಂದು ಹೇಳಿದ. ಅಂದಿನಿಂದ ಅತ್ತೆ ‘ಅದನ್ನು ಮುಚ್ಚಿಸಿಬಿಡಿ’ ಎಂದು ಹಟ ಹಿಡಿದಿದ್ದಾರೆ. ರಾತ್ರಿ ಮಾವನ ಕೈಯಿಂದ ಬರುವ ಜುಂಯ್ ಸದ್ದು ಕೇಳಿದರೆ ಅವರಿಗೆ ನಿದ್ದೆಯೇ ಬರುವುದಿಲ್ಲ. ಮಗ ಹೇಳಿದ್ದು ನಿಜವೇ? ಮುಚ್ಚಿಸಬೇಕೇ?

ಉತ್ತರ: ನಿಮ್ಮ ಮಗ ಓದಿದ್ದು ನಿಜ. ನಿಮ್ಮ ಅತ್ತೆ ಹೆದರಿದ್ದರಲ್ಲೂ ತಪ್ಪಿಲ್ಲ. ಆದರೆ ಆ ಇಲಿಗೂ ನಿಮ್ಮ ಮಾವನವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದು ಗೊತ್ತಾಗಬೇಕಾದರೆ ಇಲಿಯ ಕಥೆ ಪೂರ್ತಿ ಕೇಳಬೇಕು. ಅರ್ಧ ಕೇಳಿದರೆ ಭಯವೇ ಜಾಸ್ತಿ ಆಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಮೆಡಿಕಲ್ ಹುಡುಗರಿಗೆ ಫಿಸಿಯಾಲಜಿ ಪಾಠ ಹೇಳಿ ನಿವೃತ್ತನಾಗಿ ಮುಲುಂಡಿನಲ್ಲಿ ಕೂತವನು. ಕೊನೆಯ ತೀರ್ಮಾನ ನಿಮ್ಮ ಕಿಡ್ನಿ ಡಾಕ್ಟರದ್ದೇ.

ಆ ಇಲಿಯ ಆಪರೇಷನ್ನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಿಳಿ ಇಲಿಗೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯುತ್ತಾರೆ. ಕರುಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಸರಿಸಿದರೆ ಬೆನ್ನುಮೂಳೆಯ ಉದ್ದಕ್ಕೂ ಎರಡು ನಾಳಗಳು ಅಂಟಿಕೊಂಡು ಮಲಗಿರುತ್ತವೆ. ಒಂದು ಅಯೋರ್ಟಾ, ಹೃದಯದಿಂದ ರಕ್ತ ತರುವ ದೊಡ್ಡ ಆರ್ಟರಿ. ಇನ್ನೊಂದು ವೀನಾ ಕೇವಾ, ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ದೊಡ್ಡ ವೇನ್. ಕಿಡ್ನಿಯ ನಾಳಗಳಿಗಿಂತ ಸ್ವಲ್ಪ ಕೆಳಗೆ ಅಯೋರ್ಟಾದೊಳಗೆ ಒಂದು ಸೂಜಿ ಚುಚ್ಚುತ್ತಾರೆ. ಸೂಜಿಯ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ. ಅದರ ಮೊನೆಯನ್ನು ಓರೆ ಮಾಡಿ ನಡುವಿನ ಗೋಡೆ ದಾಟಿಸಿ ಪಕ್ಕದ ವೇನ್‌ಗೆ ನುಗ್ಗಿಸುತ್ತಾರೆ. ಸೂಜಿ ಹೊರಗೆ ಎಳೆದು, ಹೊರಗಿನ ತೂತಿಗೆ ಒಂದು ಹನಿ ಅಂಟು ಹಾಕುತ್ತಾರೆ. ನಾವು ಮುರಿದ ಕಪ್ಪಿನ ಹಿಡಿ ಅಂಟಿಸಲು ತರುವ ಫೆವಿಕ್ವಿಕ್ ಜಾತಿಯದೇ ಅಂಟು. ಹೊರಗಿನ ತೂತು ಮುಚ್ಚಿತು, ಒಳಗಿನದು ಉಳಿಯಿತು. ಗಾರ್ಸಿಯಾ ಮತ್ತು ಡೀಬೋಲ್ಡ್ ಎಂಬ ಇಬ್ಬರು 1990ರಲ್ಲಿ ಬರೆದಿಟ್ಟ ಸುಲಭ ವಿಧಾನ ಇದು. ಅದಕ್ಕೂ ಮೊದಲು ಎರಡು ನಾಳಗಳನ್ನೂ ಸೀಳಿ ಹೊಲಿಯುವ ಕಷ್ಟ ಇತ್ತು.

ಅಷ್ಟು ಹೊತ್ತು ರಕ್ತ ಹರಿಯದಂತೆ ನಾಳವನ್ನು ಬಿಗಿ ಹಿಡಿದಿದ್ದ ಕ್ಲ್ಯಾಂಪ್ ಬಿಟ್ಟ ಆ ಕ್ಷಣ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವೀನಾ ಕೇವಾದ ರಕ್ತ ಸಾಮಾನ್ಯವಾಗಿ ನೇರಳೆ ಹಣ್ಣಿನ ಬಣ್ಣ. ತೆಳುವಾದ ಅದರ ಗೋಡೆಯ ಒಳಗೆ ಕುಂಕುಮ ಕೆಂಪಿನ ಒಂದು ಎಳೆ ಸುಳಿಸುಳಿಯಾಗಿ ಮೇಲಕ್ಕೆ ಹೋಯಿತು. ಅದು ಕಂಡರೆ ಫಿಸ್ಟುಲಾ ಆಯಿತು ಎಂದೇ ಲೆಕ್ಕ. ಹೊಟ್ಟೆ ಹೊಲಿದ ಮೇಲೆ ಇಲಿ ಎದ್ದು ಓಡಾಡಿತು. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ ಅನಿಸಬೇಕು, ಹಾಗೆ.

ಒಳಗೆ ಏನಾಯಿತು ಎಂಬುದಕ್ಕೆ ನಮ್ಮ ಸೊಸೈಟಿಯ ಪಂಪ್ ಕಥೆ ಹೇಳುತ್ತೇನೆ. ಮುಂಬಯಿಯಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಳಗೆ ನೀರಿನ ಟ್ಯಾಂಕ್, ಮೇಲೆ ಟೆರೇಸಿನಲ್ಲಿ ಇನ್ನೊಂದು, ನಡುವೆ ಪಂಪ್. ಒಂದು ವರ್ಷ ಪ್ಲಂಬರ್ ಯಾವುದೋ ರಿಪೇರಿಗೆ ಬಂದು, ಮೇಲೆ ಹೋಗುವ ಪೈಪಿನಿಂದ ಕೆಳಗಿನ ಟ್ಯಾಂಕಿಗೇ ಒಂದು ಅಡ್ಡ ಪೈಪ್ ಹಾಕಿ ಅದರ ವಾಲ್ವ್ ತೆರೆದೇ ಬಿಟ್ಟು ಹೋದ. ಪಂಪ್ ಎತ್ತಿದ ನೀರಿನಲ್ಲಿ ಬಹುಪಾಲು ಹಾಗೇ ಕೆಳಗೆ ಬೀಳುತ್ತಿತ್ತು. ಪಂಪ್ ರಾತ್ರಿಯಿಡೀ ಓಡಿತು, ಮುಟ್ಟಿದರೆ ಸುಡುತ್ತಿತ್ತು. ಏಳನೇ ಮಾಳಿಗೆಯವರ ನಲ್ಲಿಯಲ್ಲಿ ಮಾತ್ರ ನೀರಿಲ್ಲ. ವಾಚ್‌ಮನ್ ಪಾಪ ಎಲ್ಲರಿಂದಲೂ ಬೈಗುಳ ತಿಂದ.

ಫಿಸ್ಟುಲಾ ಅಂದರೆ ಆ ಅಡ್ಡ ಪೈಪ್. ಸರಿಯಾದ ದಾರಿಯಲ್ಲಿ ಆರ್ಟರಿಯ ರಕ್ತ ಸಣ್ಣ ಸಣ್ಣ ನಾಳಗಳಿಗೆ ಹಂಚಿಹೋಗಿ, ಕೂದಲಿಗಿಂತ ಸಪೂರವಾದ ಲೋಮನಾಳಗಳಲ್ಲಿ ಆಮ್ಲಜನಕ ಕೊಟ್ಟು, ಆಮೇಲೆ ವೇನ್ ಸೇರಬೇಕು. ಆ ಸಣ್ಣ ನಾಳಗಳ ಬಿಗಿಯಿಂದಲೇ ಬಿಪಿ ನಿಲ್ಲುವುದು. ಅಡ್ಡ ಪೈಪಿನಲ್ಲಿ ಯಾವ ಬಿಗಿಯೂ ಇಲ್ಲ. ರಕ್ತ ಸುಮ್ನೆ ಅಲ್ಲಿ ನುಗ್ಗಿ, ಯಾರಿಗೂ ಏನೂ ಕೊಡದೆ ವಾಪಸು ಹೃದಯಕ್ಕೆ ಬರುತ್ತದೆ. ಬಿಪಿಯ ಕೆಳಗಿನ ಅಂಕಿ ಇಳಿಯುತ್ತದೆ. ಹೃದಯ ತನಗೆ ಬೇಕಾದ ರಕ್ತವನ್ನು ಪಡೆಯುವುದು ಮುಖ್ಯವಾಗಿ ಎರಡು ಬಡಿತಗಳ ನಡುವಿನ ಆ ಕಡಿಮೆ ಒತ್ತಡದ ಹೊತ್ತಿನಲ್ಲೇ. ಕೆಲಸ ಜಾಸ್ತಿ, ಊಟ ಕಮ್ಮಿ ಎಂದ ಹಾಗಾಯಿತು.

ಇಲ್ಲಿಯವರೆಗೆ ಪಂಪಿನ ಹೋಲಿಕೆ ಸರಿ. ಇದರ ಮುಂದೆ ಆಗುವುದನ್ನು ಯಾವ ಪಂಪೂ ಮಾಡುವುದಿಲ್ಲ.

ಇಲಿಯ ಕಿಡ್ನಿಗೆ ತೂತಿನ ವಿಷಯ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಒತ್ತಡ ಇಳಿದಿದೆ ಎಂಬುದು ಮಾತ್ರ. ಪ್ರಾಣಿಗಳ ಚರಿತ್ರೆಯಲ್ಲಿ ಒತ್ತಡ ಇಳಿಯುತ್ತಿದ್ದದ್ದು ಹೆಚ್ಚಾಗಿ ಗಾಯವಾಗಿ ರಕ್ತ ಹರಿದಾಗ, ಇಲ್ಲವೇ ನೀರು ಸಿಗದೆ ಒಣಗಿದಾಗ. ಹಾಗಾಗಿ ಕಿಡ್ನಿ ತನ್ನ ಹಳೆಯ ಬುದ್ಧಿಯನ್ನೇ ಉಪಯೋಗಿಸುತ್ತದೆ. ರೆನಿನ್ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್, ಆಲ್ಡೊಸ್ಟೆರೋನ್ ಎಂಬ ಹಾರ್ಮೋನುಗಳು ಏರುತ್ತವೆ. ಉಪ್ಪು ಹೊರಗೆ ಬಿಡಬೇಡ, ನೀರು ಹೊರಗೆ ಬಿಡಬೇಡ ಎಂದು ಅಪ್ಪಣೆ ಆಗುತ್ತದೆ. ನರಗಳು ಹೃದಯವನ್ನು ಬೇಗಬೇಗ ಓಡಿಸುತ್ತವೆ. ಕೆಲವು ದಿನದಲ್ಲಿ ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚುತ್ತದೆ. ಆ ಹೆಚ್ಚುವರಿ ರಕ್ತ ಎಲ್ಲಾ ಬಂದು ತುಂಬುವುದು ಹೃದಯದ ಕೋಣೆಗಳಲ್ಲಿ. ತೂತು ತಾನಾಗಿ ಹೃದಯವನ್ನು ಕೆಡಿಸುವುದಕ್ಕಿಂತ, ತೂತಿಗೆ ಮೈ ಕೊಡುವ ಉತ್ತರ ಹೃದಯವನ್ನು ಕೆಡಿಸುತ್ತದೆ ಎಂದೇ ನಾನು ಪಾಠದಲ್ಲಿ ಹೇಳುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಮಾವನವರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹೃದಯ ದೊಡ್ಡದಾಗುವುದರಲ್ಲೂ ಎರಡು ಜಾತಿ ಇದೆ. ಬಿಪಿ ಏರಿ ಒತ್ತಡದ ಎದುರು ದುಡಿಯುವ ಹೃದಯದ ಗೋಡೆ ದಪ್ಪವಾಗುತ್ತದೆ, ಕುಸ್ತಿಪಟುವಿನ ತೋಳಿನ ಹಾಗೆ. ಕೋಣೆ ದೊಡ್ಡದಾಗುವುದಿಲ್ಲ. ಫಿಸ್ಟುಲಾದ ಹೃದಯ ಹಾಗಲ್ಲ. ಅದರ ಸ್ನಾಯುವಿನ ಕೋಶಗಳು ಉದ್ದ ಬೆಳೆಯುತ್ತವೆ, ರೈಲಿಗೆ ಡಬ್ಬಿ ಸೇರಿಸಿದ ಹಾಗೆ ತುದಿಗೆ ತುದಿ ಕೂಡಿಕೊಂಡು. ಒಂಬತ್ತು ಡಬ್ಬಿಯ ಲೋಕಲ್ ಹನ್ನೆರಡು ಡಬ್ಬಿಯದಾದಂತೆ. ಕೋಣೆ ಹಿಗ್ಗುತ್ತದೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಎತ್ತುತ್ತದೆ. ಮೊದಮೊದಲು ಇದು ಜಾಣತನವೇ. ಆದರೆ ಕೋಣೆ ಅಗಲವಾದಷ್ಟೂ ಅದೇ ಒತ್ತಡಕ್ಕೆ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚು. ಊದಿದ ಬಲೂನಿನ ರಬ್ಬರ್ ಹೇಗೆ ಬಿಗಿದುಕೊಂಡಿರುತ್ತದೆ, ಹಾಗೆ.

ಇಲಿಗಳಲ್ಲಿ ಕಂಡ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಹೃದಯದ ಸ್ನಾಯುಗಳನ್ನು ಕೊಲಾಜೆನ್ ಎಂಬ ನಾರಿನ ಬಲೆ ಕಟ್ಟಿ ಹಿಡಿದಿರುತ್ತದೆ. ಬಿಪಿಯ ಹೃದಯದಲ್ಲಿ ಆ ನಾರು ಹೆಚ್ಚಾಗಿ ಗೋಡೆ ಗಡುಸಾಗುತ್ತದೆ. ಫಿಸ್ಟುಲಾ ಮಾಡಿದ ಇಲಿಯಲ್ಲಿ ಇದು ತಿರುಗುಮುರುಗು. ಮೊದಲ ಕೆಲವೇ ದಿನಗಳಲ್ಲಿ ಹೃದಯದಲ್ಲಿ ಮಾಸ್ಟ್ ಕೋಶಗಳು ಹೆಚ್ಚುತ್ತವೆ. ಇವು ಅಲರ್ಜಿಯಲ್ಲಿ ಮೂಗು ಸೋರಿಸುವ ಅದೇ ಕೋಶಗಳು. ಅವು ಬಿಡುವ ರಸಗಳಿಂದ ನಾರು ಕಡಿಯುವ ಕಿಣ್ವಗಳು ಎಚ್ಚರಗೊಂಡು ಬಲೆಯನ್ನು ಸಡಿಲ ಮಾಡುತ್ತವೆ. ಮೂಟೆಯ ಹೊಲಿಗೆ ಬಿಚ್ಚಿದರೆ ಮೂಟೆ ಅಗಲವಾಗುತ್ತದಲ್ವಾ? ಮಾಸ್ಟ್ ಕೋಶಗಳನ್ನು ತಡೆಯುವ ಔಷಧ ಕೊಟ್ಟ ಇಲಿಗಳಲ್ಲಿ ಹೃದಯ ಅಷ್ಟೊಂದು ಹಿಗ್ಗಲಿಲ್ಲ. ಅದಲ್ಲದೆ ಹೆಣ್ಣು ಇಲಿಗಳು ಇದನ್ನು ಗಂಡುಗಳಿಗಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು. ಅಂಡಾಶಯ ತೆಗೆದ ಹೆಣ್ಣುಗಳಲ್ಲಿ ಆ ರಕ್ಷಣೆ ಹೋಯಿತು. ಇದನ್ನು ಹೇಳಿದಾಗ ತರಗತಿಯಲ್ಲಿ ಹುಡುಗಿಯರ ಬೆಂಚಿನಿಂದ ಚಪ್ಪಾಳೆ ಬರುತ್ತಿತ್ತು.

ಎಲ್ಲಾ ಇಲಿಗಳೂ ತಕ್ಷಣ ಕುಸಿಯುವುದಿಲ್ಲ. ಕೆಲವು ಮೊದಲ ದಿನಗಳ ಆಘಾತದಲ್ಲಿ ಸಾಯುತ್ತವೆ. ಉಳಿದವು ವಾರಗಟ್ಟಲೆ ದೊಡ್ಡ ಹೃದಯದೊಂದಿಗೇ ಆರಾಮಾಗಿ ಇರುತ್ತವೆ. ತಿಂಗಳುಗಳು ಕಳೆದ ಮೇಲೆ ಒಂದಷ್ಟಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಉಸಿರು ಮೇಲಾಗುತ್ತದೆ. ಯಾವುದು ತಡೆಯುತ್ತದೆ, ಯಾವುದು ಬೀಳುತ್ತದೆ ಎಂಬುದು ತೂತಿನ ಗಾತ್ರ ಮತ್ತು ಕಳೆದ ಸಮಯದ ಮೇಲೆ ನಿಂತಿದೆ. ಗಾತ್ರದ ಮಾತನ್ನು ನಾಯಿಗಳಲ್ಲಿ ಮೊದಲು ಗಟ್ಟಿಯಾಗಿ ತೋರಿಸಿದವರು ಅಮೆರಿಕದ ಸರ್ಜನ್ ಎಮಿಲ್ ಹೋಲ್ಮನ್. 1920ರ ದಶಕದಿಂದ ಅವರು ಇದರ ಹಿಂದೆಯೇ ಬಿದ್ದಿದ್ದರು. ದೊಡ್ಡ ಫಿಸ್ಟುಲಾ ಮಾಡಿದರೆ ನಾಯಿಯ ಹೃದಯ ಹಿಗ್ಗುತ್ತಿತ್ತು, ಮುಚ್ಚಿದರೆ ಕುಗ್ಗುತ್ತಿತ್ತು.

ಮನುಷ್ಯರಲ್ಲಿ ಈ ರೋಗವನ್ನು ಬರೆದಿಟ್ಟವರು ಇನ್ನೂ ಹಿಂದಿನವರು. 1757ರಲ್ಲಿ ಲಂಡನ್ನಿನ ವಿಲಿಯಂ ಹಂಟರ್. ಆಗ ಯಾವ ಕಾಯಿಲೆಗೂ ಮೊಣಕೈಯಲ್ಲಿ ಕೊಯ್ದು ರಕ್ತ ತೆಗೆಯುವ ಪದ್ಧತಿ. ಕತ್ತಿ ಆಳಕ್ಕೆ ಹೋದರೆ ವೇನ್ ದಾಟಿ ಅದರ ಕೆಳಗಿನ ಆರ್ಟರಿಗೂ ತೂತು ಬೀಳುತ್ತಿತ್ತು. ಅಂಥವರ ಮೊಣಕೈಯಲ್ಲಿ ನಡುಕ, ಗುಂಯ್‌ಗುಟ್ಟುವ ಸದ್ದು ಹಂಟರ್‌ಗೆ ಸಿಕ್ಕಿತು. ನಿಮ್ಮ ಮಾವನವರ ಕೈಯಲ್ಲಿ ಕೇಳುವುದು ಅದೇ ಜಾಗದ ಅದೇ ಸದ್ದು. ಅಂದಿನವರಿಗೆ ಎಡವಟ್ಟಿನಿಂದ ಆದದ್ದನ್ನು 1966ರಲ್ಲಿ ಬ್ರೆಷಿಯಾ, ಚಿಮಿನೊ ಮತ್ತು ಜೊತೆಯವರು ನ್ಯೂಯಾರ್ಕಿನಲ್ಲಿ ಬೇಕೆಂದೇ ಮಣಿಕಟ್ಟಿನಲ್ಲಿ ಮಾಡಿ ಡಯಾಲಿಸಿಸ್‌ಗೆ ದಾರಿ ತೆರೆದರು. ಅದಕ್ಕೆ ಮೊದಲು ವಾರವಾರ ದಪ್ಪ ಸೂಜಿ ಚುಚ್ಚಿಸಿಕೊಂಡು ತಡೆಯುವ ನಾಳ ಸಿಗುವುದೇ ಕಷ್ಟವಾಗಿತ್ತು.

ಲ್ಯಾಬ್ ಬಿಟ್ಟು ಹೊರಗೂ ಇದು ಕಾಣುತ್ತದೆ. ಮಾಟುಂಗಾದಲ್ಲಿ ನನ್ನ ಗೆಳೆಯರೊಬ್ಬರು ಪಶುವೈದ್ಯರು. ಒಂದು ದಿನ ನಾನು ಹೋದಾಗ ಮೇಜಿನ ಮೇಲೆ ಪಾಮೆರೇನಿಯನ್ ಮರಿ ಒಂದಿತ್ತು. ‘ಸರ್, ಇಲ್ಲಿ ಕೈ ಇಡಿ’ ಎಂದರು. ಎಡ ಕಂಕುಳಿನ ಒಳಗೆ, ಎದೆಗೂಡಿನ ಮೇಲೆ ಬೆರಳಿಟ್ಟರೆ ಮೊಬೈಲ್ ವೈಬ್ರೇಟ್ ಆದಂತೆ ಬಿಡುವಿಲ್ಲದ ನಡುಕ. ತಾಯಿಯ ಹೊಟ್ಟೆಯಲ್ಲಿರುವಾಗ ಅಯೋರ್ಟಾಕ್ಕೂ ಶ್ವಾಸಕೋಶದ ಆರ್ಟರಿಗೂ ನಡುವೆ ಒಂದು ಪುಟ್ಟ ನಾಳ ಇರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಮುಚ್ಚಿಕೊಳ್ಳಬೇಕು. ಈ ಮರಿಯಲ್ಲಿ ಮುಚ್ಚಿರಲಿಲ್ಲ. ಇಂಥ ಮರಿಗಳನ್ನು ಹಾಗೇ ಬಿಟ್ಟರೆ ಬಹಳಷ್ಟು ಒಂದು ವರ್ಷ ದಾಟುವುದಿಲ್ಲ. ಮುಚ್ಚಿದರೆ ಬಹುಪಾಲು ನಾಯಿಗಳು ಪೂರ್ಣ ಆಯುಷ್ಯ ಬದುಕುತ್ತವೆ. ಮಕ್ಕಳಲ್ಲಿ ಇದನ್ನು ಮೊದಲು ಕಟ್ಟಿದ್ದು 1938ರಲ್ಲಿ, ಬೋಸ್ಟನ್ನಿನ ರಾಬರ್ಟ್ ಗ್ರಾಸ್, ಏಳು ವರ್ಷದ ಹುಡುಗಿಗೆ. ಆ ಪಾಮೆರೇನಿಯನ್‌ಗೂ ಆಪರೇಷನ್ ಆಯಿತು. ಈಗ ಅದು ನನ್ನನ್ನು ಕಂಡರೆ ಬೊಗಳುತ್ತದೆ.

ಮುಚ್ಚಿದರೆ ಸರಿಹೋಗುತ್ತದಲ್ಲ, ಹಾಗಾದರೆ ಮಾವನಿಗೂ ಮುಚ್ಚಿಸೋಣ ಎಂದು ಅತ್ತೆ ಹೇಳಬಹುದು. ಇಲಿಗಳಲ್ಲೂ ಫಿಸ್ಟುಲಾ ಮಾಡಿ ಕೆಲವು ವಾರಗಳ ಮೇಲೆ ಮುಚ್ಚಿ ನೋಡಿದ್ದಾರೆ. ಹೃದಯದ ಗಾತ್ರ ಬೇಗ ಇಳಿಯಿತು, ಬಲ ಸ್ವಲ್ಪ ತಡವಾಗಿ ಬಂತು. ಕಿಡ್ನಿ ಕಸಿ ಆದವರಲ್ಲೂ, ಅಂದರೆ ಇನ್ನು ಫಿಸ್ಟುಲಾ ಬೇಡವಾದವರಲ್ಲಿ, ಆಸ್ಟ್ರೇಲಿಯಾದಲ್ಲಿ ಮುಚ್ಚಿ ನೋಡಿದರು. 2019ರಲ್ಲಿ ಬಂದ ಆ ಅಧ್ಯಯನದಲ್ಲಿ ಮುಚ್ಚಿಸಿಕೊಂಡವರ ಎಡ ಹೃದಯದ ಸ್ನಾಯುವಿನ ತೂಕ ಆರು ತಿಂಗಳಲ್ಲಿ ಸರಾಸರಿ 22 ಗ್ರಾಂ ಇಳಿದಿತ್ತು. ಮುಚ್ಚಿಸದವರಲ್ಲಿ ಇಳಿಯಲಿಲ್ಲ. ಆದರೆ ಅವರಿಗೆ ಹೊಸ ಕಿಡ್ನಿ ಇತ್ತು. ನಿಮ್ಮ ಮಾವನವರಿಗೆ ಇಲ್ಲ. ಅವರ ಫಿಸ್ಟುಲಾ ಮುಚ್ಚಿದರೆ ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ಕ್ಯಾಥೆಟರ್ ಹಾಕಬೇಕು. ಅದರಿಂದ ರಕ್ತಕ್ಕೆ ಸೋಂಕು ತಗಲುವ ಅಪಾಯ ಫಿಸ್ಟುಲಾಕ್ಕಿಂತ ಎಷ್ಟೋ ಜಾಸ್ತಿ.

ಈಗ ನಾನು ಮೊದಲು ಹೇಳಿದ ವ್ಯತ್ಯಾಸ. ಇಲಿಯಲ್ಲಿ ಉಪ್ಪು ನೀರು ಹಿಡಿದಿಟ್ಟು ಹೃದಯವನ್ನು ತುಂಬಿಸಿದ್ದು ಅದರ ಕಿಡ್ನಿ, ಅಲ್ವಾ? ನಿಮ್ಮ ಮಾವನವರ ಕಿಡ್ನಿಗೆ ಆ ಕೆಲಸ ಮಾಡುವ ತಾಕತ್ತೇ ಈಗ ಇಲ್ಲ. ಅವರ ಮೈಯಲ್ಲಿ ನೀರು ಎಷ್ಟು ಎಂಬುದನ್ನು ತೀರ್ಮಾನ ಮಾಡುವುದು ಒಂದು ಕಡೆ ಡಯಾಲಿಸಿಸ್ ಯಂತ್ರ, ಇನ್ನೊಂದು ಕಡೆ ಅವರ ನಾಲಿಗೆ. ಇಲಿಯ ಕಿಡ್ನಿ ಮಾಡಿದ ಉಪದ್ರವವನ್ನು ಅವರ ವಿಷಯದಲ್ಲಿ ಕಟಿಂಗ್ ಚಹಾ, ಉಪ್ಪಿನಕಾಯಿ, ಹಪ್ಪಳ ಮಾಡುತ್ತವೆ. ಹೋಟೆಲ್ ನಡೆಸಿದವರು ಎಂದಿರಿ. ದಿನಕ್ಕೆ ಹತ್ತು ಸಲ ಚಹಾ ಕುಡಿದ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ, ನನಗೆ ಗೊತ್ತು. ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಅವರ ತೂಕ ಎಷ್ಟು ಏರುತ್ತದೆ ಎಂದು ಸೆಂಟರಿನ ಕಾರ್ಡಿನಲ್ಲಿ ಬರೆದಿರುತ್ತಾರೆ. ಅದನ್ನು ನೋಡಿ. ಎರಡು ಮೂರು ತಿಂಗಳ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಫಿಸ್ಟುಲಾಕ್ಕಿಂತ ಮೊದಲು ಹಿಡಿಯಬೇಕಾದ ಕಳ್ಳ ಇದು ಎಂಬುದು ನನ್ನ ಅನುಮಾನ.

ಇನ್ನೂ ಇಬ್ಬರು ಕಳ್ಳರಿದ್ದಾರೆ. ಕಿಡ್ನಿ ರೋಗದಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ. ರಕ್ತ ತೆಳುವಾದರೆ ಅದೇ ಆಮ್ಲಜನಕ ತಲುಪಿಸಲು ಹೃದಯ ಜಾಸ್ತಿ ಓಡಬೇಕು. ಬಿಪಿ ಹೆಚ್ಚಿದ್ದರೆ ಗೋಡೆಯೂ ದಪ್ಪವಾಗುತ್ತದೆ. ಇಲಿ ಎಳೆಯದು, ಗಟ್ಟಿ ರಕ್ತದ್ದು, ಅದಕ್ಕೆ ತೂತು ಒಂದೇ ಕಷ್ಟ. ಮಾವನವರ ಹೃದಯದ ಮೇಲೆ ಮೂರು ನಾಲ್ಕು ಹೊರೆ ಒಟ್ಟಿಗೆ ಕೂತಿವೆ. ‘ಹೃದಯ ಸ್ವಲ್ಪ ದೊಡ್ಡದಾಗಿದೆ’ ಎಂಬ ಒಂದು ಸಾಲಿನಿಂದ ಯಾವುದರ ಪಾಲು ಎಷ್ಟು ಎಂದು ತಿಳಿಯುವುದಿಲ್ಲ. ಗೋಡೆ ದಪ್ಪವಾಗಿದೆಯೋ ಕೋಣೆ ಹಿಗ್ಗಿದೆಯೋ ಎಂದು ಕೇಳಿ. ಎಕೋ ರಿಪೋರ್ಟಿನಲ್ಲಿ ಎರಡರ ಅಳತೆಯೂ ಇರುತ್ತದೆ.

ಹಾಗಂತ ಫಿಸ್ಟುಲಾ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. ಮೊಣಕೈಯ ಫಿಸ್ಟುಲಾ ಮಣಿಕಟ್ಟಿನದಕ್ಕಿಂತ ದೊಡ್ಡದಾಗಿ ಬೆಳೆಯುವುದು ಹೆಚ್ಚು. ಅದರಲ್ಲಿ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆ ಎಂದು ಡಾಪ್ಲರ್ ಸ್ಕ್ಯಾನಿನಲ್ಲಿ ಅಳೆಯಬಹುದು. ನೋವಿಲ್ಲದ ಪರೀಕ್ಷೆ. ಒಂದು ಲೀಟರಿನ ಆಸುಪಾಸು ಇದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕಡಿಮೆ ಅಂದುಕೊಳ್ಳಬೇಡಿ, ನಿಮಿಷಕ್ಕೆ ಒಂದು ಲೀಟರ್ ಅಂದರೆ ದಿನಕ್ಕೆ 1440 ಲೀಟರ್. ನಿಮ್ಮ ಟೆರೇಸಿನ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ತುಂಬಿ ಮತ್ತೂ ಉಳಿಯಿತು. ಆದರೂ ಹೆಚ್ಚಿನ ಹೃದಯಗಳು ಅದನ್ನು ಎಳೆದುಕೊಂಡು ಹೋಗುತ್ತವೆ. ಒಂದೂವರೆ, ಎರಡು ಲೀಟರ್ ದಾಟಿದರೆ, ಅಥವಾ ಹೃದಯ ಎತ್ತುವ ಒಟ್ಟು ರಕ್ತದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತಿದ್ದರೆ ಡಾಕ್ಟರರು ಎಚ್ಚರಾಗುತ್ತಾರೆ. ಆಗಲೂ ಮೊದಲ ಮಾತು ಮುಚ್ಚುವುದಲ್ಲ. ನಾಳಕ್ಕೆ ಪಟ್ಟಿ ಕಟ್ಟಿ ಬಾಯಿ ಕಿರಿದು ಮಾಡುವ ಆಪರೇಷನ್ ಇದೆ. ನಮ್ಮ ಸೊಸೈಟಿಯ ಅಡ್ಡ ಪೈಪಿನ ವಾಲ್ವನ್ನು ಅರ್ಧ ತಿರುಗಿಸಿದ ಹಾಗೆ.

ಫಿಸ್ಟುಲಾವನ್ನು ಒತ್ತಿ ಹಿಡಿದರೆ ನಾಡಿ ಬಡಿತ ತಟ್ಟನೆ ಇಳಿಯುತ್ತದೆ ಎಂದು ಮಗ ಮುಂದೆ ಓದಬಹುದು. ಅದೂ ನಿಜ. ನಿಕೊಲಾಡೋನಿ 1875ರಲ್ಲಿ, ಬ್ರ್ಯಾನಮ್ 1890ರಲ್ಲಿ ಬರೆದದ್ದು. ಅಡ್ಡ ಪೈಪ್ ಮುಚ್ಚಿದ ಕೂಡಲೇ ಒತ್ತಡ ಏರುತ್ತದೆ, ಮೆದುಳು ಹೃದಯಕ್ಕೆ ನಿಧಾನ ಎನ್ನುತ್ತದೆ. ದಯವಿಟ್ಟು ಮನೆಯಲ್ಲಿ ತಾತನ ಕೈ ಒತ್ತಿ ಪ್ರಯೋಗ ಮಾಡಲು ಬಿಡಬೇಡಿ. ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಕೈಕೊಟ್ಟರೆ ಕಷ್ಟ. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ಅದನ್ನು ತಲೆದಿಂಬು ಮಾಡಿಕೊಂಡು ಮಲಗಬಾರದು. ಇದೆಲ್ಲ ನಿಮಗೆ ಸೆಂಟರಿನಲ್ಲಿ ಹೇಳಿರುತ್ತಾರೆ.

ನಡೆದಾಗ ಮೊದಲಿಗಿಂತ ಜಾಸ್ತಿ ಏದುಸಿರು, ಚಪ್ಪಟೆ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಕಾಲು ಬಾವು, ಇವು ಶುರುವಾದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಫೋನ್ ಮಾಡಿ.

ಇನ್ನು ಅತ್ತೆಯವರ ನಿದ್ದೆ. ಆ ಜುಂಯ್ ಸದ್ದು ಹೃದಯ ಸೋಲುತ್ತಿರುವ ಸದ್ದಲ್ಲ, ಫಿಸ್ಟುಲಾ ತೆರೆದಿದೆ ಎಂಬ ಸದ್ದು. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಲಗುವ ಮೊದಲು ಒಮ್ಮೆ ಮಾವನವರ ಮೊಣಕೈ ಮೇಲೆ ಮೆತ್ತಗೆ ಬೆರಳಿಟ್ಟು ನಡುಕ ಇದೆಯೇ ನೋಡುವ ಕೆಲಸವನ್ನು ಅತ್ತೆಗೇ ಕೊಡಿ, ಒತ್ತದೆ. ನಡುಕ ಇಲ್ಲ, ಸದ್ದೂ ಇಲ್ಲ ಎಂದು ಅವರು ಎಬ್ಬಿಸಿದ ರಾತ್ರಿ ಬೆಳಗಾಗಲಿ ಎನ್ನಬೇಡಿ. ಆ ಹೊತ್ತಿಗೇ ಸೆಂಟರಿಗೆ ಫೋನ್ ಮಾಡಿ ಹೊರಡಿ.